ಡ್ರೀಮ್‌ಕ್ಯಾಚರ್ ಕ್ಲೀನ್ ಮಾಡೋದಾದ್ರೆ ಬೆಳಗ್ಗೆ ಮಾಡಿ

"ಮೇಡಂ, ಡ್ರೀಮ್‌ಕ್ಯಾಚರ್‌ನ ಎಷ್ಟು ದಿನಕ್ಕೊಂದ್ಸಲ ಕ್ಲೀನ್ ಮಾಡ್ಬೇಕು, ಹೇಗೆ ಮಾಡ್ಬೇಕು?" ಡ್ರೀಮ್‌ಕ್ಯಾಚರ್ ಅಂದ್ರೆ ಕೆಟ್ಟ ಕನಸನ್ನ ಹಿಡಿಯತ್ತೆ ಅಂತ ಮಲಗೋ ಜಾಗದಲ್ಲಿ ನೇತುಹಾಕೋ, ನೂಲಿನ ಬಲೆ ಗರಿ ಇರೋ ಬಳೆ. ಮಕ್ಕಳ ನಿದ್ದೆ ಸಮಸ್ಯೆ ಅಂತ ಕೌನ್ಸೆಲಿಂಗ್‌ಗೆ ಬರೋ ಅಪ್ಪ ಅಮ್ಮಂದಿರು ಇದನ್ನ ಕೇಳ್ತಾನೇ ಇರ್ತಾರೆ, ಕೆಲವರು ಸ್ವಲ್ಪ ಸಂಕೋಚದಿಂದ ಕೇಳ್ತಾರೆ, ನಾನೆಲ್ಲಿ ಮೂಢನಂಬಿಕೆ ಅಂದ್ಬಿಡ್ತೀನೋ ಅಂತ. ಹಾಗೆ ಅನ್ನಲ್ಲ. ಮಗುಗೆ ಅದ್ರಿಂದ ಧೈರ್ಯ ಬರೋದಾದ್ರೆ ನಾನೂ ಅದನ್ನ ಖುಷಿಯಿಂದ ಬಳಸ್ಕೋತೀನಿ. ಆದ್ರೆ ಹೇಗೆ, ಎಷ್ಟು ದಿನಕ್ಕೆ ಅನ್ನೋದಕ್ಕಿಂತ ಮೊದ್ಲು ನಾನು ಕೇಳೋದು, ಯಾವಾಗ ಮಾಡ್ತಿದ್ದೀರಿ ಅಂತ. ಹೆಚ್ಚುಕಮ್ಮಿ ಎಲ್ರೂ ಹೇಳೋದು ಮಲಗೋಕೆ ಮುಂಚೆ ಅಂತ. ತೊಂದ್ರೆ ಇರೋದು ಅಲ್ಲೇ.

ಆರು ವರ್ಷದ ಒಂದು ಹುಡುಗಿ, ವಾರಕ್ಕೆ ಮೂರು ನಾಲ್ಕು ರಾತ್ರಿ ಕೆಟ್ಟ ಕನಸು ಬಿದ್ದು ಅಳ್ತಾ ಎದ್ದುಬರ್ತಿದ್ಲು. ಅವರಮ್ಮ ತುಂಬ ಪ್ರೀತಿಯಿಂದ ಮಂಚದ ಮೇಲ್ಗಡೆ ಒಂದು ಡ್ರೀಮ್‌ಕ್ಯಾಚರ್ ಕಟ್ಟಿ, ದಿನಾ ರಾತ್ರಿ ಲೈಟ್ ಆರಿಸೋ ಮುಂಚೆ ಸೇಜ್ ಅನ್ನೋ ಘಮಘಮಿಸೋ ಗಿಡದ ಒಣ ಎಲೆ ಕಟ್ಟು ಹಚ್ಚಿ ಅದಕ್ಕೆ ಹೊಗೆ ತೋರಿಸಿ "ಇದ್ರಲ್ಲಿ ಸಿಕ್ಕಾಕೊಂಡಿರೋ ಕೆಟ್ಟ ಕನಸೆಲ್ಲ ಹೊರಗೆ ಹೋಗ್ಲಿ" ಅಂತ ಹೇಳಿ ಮಲಗಿಸ್ತಿದ್ರು. ಮೊದಲೆರಡು ರಾತ್ರಿ ಚೆನ್ನಾಗೇ ಮಲಗಿದ್ಲಂತೆ, ಆಮೇಲೆ ಮಲಗೋಕೇ ಹೋಗಲ್ಲ ಅಂತ ರಚ್ಚೆ ಶುರುವಾಯ್ತು. ನಾನು ಅವಳ ಪಕ್ಕ ನೆಲದ ಮೇಲೆ ಕೂತು ಚಿತ್ರ ಬರೆಸ್ತಾ ಇದ್ದಾಗ ಮೆಲ್ಲಗೆ ಕೇಳಿದ್ಲು, "ಅಮ್ಮ ಅವನ್ನ ಬಿಟ್ಬಿಟ್ರೆ ಅವು ಎಲ್ಲಿಗೆ ಹೋಗ್ತಾವೆ? ನಮ್ ರೂಮಲ್ಲೇ ಇರ್ತಾವಲ್ಲ?"

ಆ ಮಗು ಲೆಕ್ಕಾಚಾರ ಸರಿಯಾಗೇ ಇತ್ತು ನೋಡಿ. ಮೂರರಿಂದ ಏಳು ವರ್ಷದ ಮಕ್ಕಳಿಗೆ ಕಲ್ಪನೆಗೂ ನಿಜಕ್ಕೂ ಮಧ್ಯ ಇರೋ ಗೋಡೆ ತುಂಬ ತೆಳು, ಕನಸು ಅನ್ನೋದು ತಲೆ ಒಳಗೆ ನಡೆಯೋ ವಿಷಯ ಅಂತ ಅವ್ರಿಗೆ ಪೂರ್ತಿ ಗಟ್ಟಿಯಾಗಿರಲ್ಲ. ಕತ್ತಲಾಗೋ ಹೊತ್ತಲ್ಲಿ ದೊಡ್ಡವರೇ ಕೆಟ್ಟ ಕನಸುಗಳ ಜೊತೆ ಮಾತಾಡಿ ಹೊರಗೆ ಓಡಿಸ್ತಿದ್ದಾರೆ ಅಂದ್ರೆ ಮಗುಗೆ ಅರ್ಥ ಆಗೋದು ಒಂದೇ, ಅವು ನಿಜವಾಗ್ಲೂ ಇಲ್ಲೇ ಇವೆ, ಅಮ್ಮನಿಗೂ ಗೊತ್ತು. ನಾವು ಧೈರ್ಯ ಹೇಳಕ್ಕೆ ಹೋಗಿ ಭಯಕ್ಕೆ ಸಾಕ್ಷಿ ಹೇಳಿದ ಹಾಗೆ ಆಗತ್ತೆ.

ಈ ವಸ್ತು ಹುಟ್ಟಿದ ಜಾಗಕ್ಕೆ ಹೋದ್ರೆ ಅಲ್ಲೇ ಉತ್ತರ ಇದೆ. ಡ್ರೀಮ್‌ಕ್ಯಾಚರ್ ಮೂಲತಃ ಉತ್ತರ ಅಮೆರಿಕದ ದೊಡ್ಡ ಸರೋವರಗಳ ಸುತ್ತ ಇರೋ ಒಜಿಬ್ವೆ ಅನ್ನೋ ಮೂಲನಿವಾಸಿ ಜನರದ್ದು, ಅವರ ಭಾಷೆಯಲ್ಲಿ ಇದನ್ನ ಕರೆಯೋ ಪದಕ್ಕೆ ಜೇಡ ಅಂತಾನೇ ಅರ್ಥ. ಫ್ರಾನ್ಸಿಸ್ ಡೆನ್ಸ್‌ಮೋರ್ ಅನ್ನೋ ಸಂಶೋಧಕಿ 1929ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಇದನ್ನ ದಾಖಲಿಸಿದ್ದಾರೆ, ಪುಟ್ಟ ಮರದ ಬಳೆ, ಅದರೊಳಗೆ ಜೇಡನ ಬಲೆ ಥರ ನೂಲು, ಎಳೆ ಮಕ್ಕಳ ತೊಟ್ಟಿಲ ಹಲಗೆಗೆ ಕಟ್ತಿದ್ರು, ಜೇಡನ ಬಲೆ ತನಗೆ ತಗುಲಿದ್ದನ್ನ ಹಿಡಿದಿಟ್ಟುಕೊಳ್ಳೋ ಹಾಗೆ ಇದು ಕೇಡನ್ನ ಹಿಡಿಯತ್ತೆ ಅನ್ನೋ ನಂಬಿಕೆ. ಮುಂದೆ ಎಲ್ಲ ಕಡೆ ಹರಡಿದ ಕತೆಯಲ್ಲಿ ಕೆಟ್ಟ ಕನಸು ಬಲೆಗೆ ಸಿಕ್ಕಾಕೋತವೆ, ಬೆಳಗಿನ ಮೊದಲ ಬಿಸಿಲು ಬಿದ್ದಾಗ ಕರಗಿಹೋಗ್ತವೆ. ಅಂದ್ರೆ ಆ ಕತೆ ಪ್ರಕಾರ ಕ್ಲೀನ್ ಮಾಡೋನು ಸೂರ್ಯ, ಹೊತ್ತು ಬೆಳಗ್ಗೆ. ಹೊಗೆ ಹಾಕೋದು ಆ ಖಂಡದ ಹಲವು ಮೂಲನಿವಾಸಿ ಜನರಿಗೆ ಪವಿತ್ರವಾದ ವಿಧಿ, ಅದಕ್ಕೆ ಅವರದೇ ರೀತಿ ನೀತಿ ಇದೆ, ಪ್ಯಾಕೆಟ್ ಮೇಲಿನ ಸೂಚನೆ ಓದಿ ಮಗು ಮಲಗೋ ಕೋಣೆಯಲ್ಲಿ ಅದನ್ನ ನಕಲು ಮಾಡೋದು ಬೇಡ ಅನ್ನೋದು ನನ್ನ ಅಭಿಪ್ರಾಯ. ಮುಚ್ಚಿದ ಕೋಣೆಯಲ್ಲಿ ಹೊಗೆ ಅಂದ್ರೆ ಮಗು ಉಸಿರಿಗೂ ಒಳ್ಳೇದಲ್ಲ, ಅಸ್ತಮಾ ಇದ್ರಂತೂ ಖಂಡಿತ ಬೇಡ.

ಬೆಳಗ್ಗೆ ಅನ್ನೋದಕ್ಕೆ ಇನ್ನೊಂದು ಕಾರಣ ಮಗು ನಿದ್ದೆಯಲ್ಲೇ ಇದೆ. ಕೆಟ್ಟ ಕನಸು ಬೀಳೋದು ಹೆಚ್ಚಾಗಿ ರೆಮ್ ನಿದ್ದೆಯಲ್ಲಿ, ಅಂದ್ರೆ ಮುಚ್ಚಿದ ರೆಪ್ಪೆ ಒಳಗೆ ಕಣ್ಣು ಬೇಗ ಬೇಗ ಓಡಾಡೋ ಹಂತದಲ್ಲಿ, ಆ ಹಂತ ರಾತ್ರಿಯ ಎರಡನೇ ಅರ್ಧದಲ್ಲಿ, ಬೆಳಗಿನ ಜಾವದ ಕಡೆ ಜಾಸ್ತಿ ಇರತ್ತೆ, ಅದಕ್ಕೇ ಮಗು ಎಚ್ಚರ ಆದಾಗ ಕನಸು ನೆನಪಿರತ್ತೆ, ಬೆಳಗ್ಗೆನೂ ಅದರ ಚೂರುಪಾರು ಉಳಿದಿರತ್ತೆ. ಆ ನೆನಪನ್ನ ಬೆಳಕಲ್ಲಿ ತೆಗೆದು ನೋಡೋಕೆ ಅದಕ್ಕಿಂತ ಒಳ್ಳೆ ಹೊತ್ತಿಲ್ಲ.

ನೈಟ್ ಟೆರರ್ ಬೇರೆ, ಇದನ್ನ ತುಂಬ ಜನ ಒಂದೇ ಅಂದ್ಕೋತಾರೆ. ಮಲಗಿ ಒಂದರಿಂದ ಮೂರು ಗಂಟೆ ಒಳಗೆ, ಗಾಢ ನಿದ್ದೆಯಲ್ಲಿ ಮಗು ಕಿಟಾರನೆ ಕಿರುಚಿ ಎದ್ದು ಕೂರತ್ತೆ, ಕಣ್ಣು ತೆರೆದಿದ್ರೂ ನಿಮ್ಮ ಗುರುತು ಹಿಡಿಯಲ್ಲ, ತಬ್ಬಿಕೊಂಡ್ರೆ ದೂಡತ್ತೆ, ಬೆಳಗ್ಗೆ ಏನೂ ನೆನಪಿರಲ್ಲ. ಇದಕ್ಕೆ ಡ್ರೀಮ್‌ಕ್ಯಾಚರ್ ಆಗ್ಲಿ ಕನಸಿನ ಮಾತಾಗ್ಲಿ ಬೇಡ, ಎಬ್ಬಿಸೋಕೂ ಹೋಗ್ಬೇಡಿ, ಬಿದ್ದು ಪೆಟ್ಟಾಗದ ಹಾಗೆ ನೋಡ್ಕೊಂಡು ಪಕ್ಕದಲ್ಲೇ ಇರಿ, ಸ್ವಲ್ಪ ಹೊತ್ತಿಗೆ ತಾನಾಗೇ ಮಲಗತ್ತೆ. ಬೆಳಗ್ಗೆ "ರಾತ್ರಿ ಹೇಗೆ ಕಿರುಚಿದೆ ಗೊತ್ತಾ" ಅಂತ ದಯವಿಟ್ಟು ಹೇಳ್ಬೇಡಿ, ಅದರ ನೆನಪೇ ಇಲ್ಲದ ಮಗುಗೆ ಹೊಸದಾಗಿ ಒಂದು ಭಯ ಕೊಟ್ಟ ಹಾಗಾಗತ್ತೆ.

ಕೆಟ್ಟ ಕನಸು ಬಿದ್ದು ಎಚ್ಚರ ಆದ ಮಗುಗೆ ರಾತ್ರಿ ಬೇಕಾಗಿರೋದು ಕಮ್ಮಿ. ಹತ್ರ ಹೋಗಿ, ಬೆನ್ನು ಸವರಿ, "ಕನಸು ಬಿತ್ತಾ, ನಾನಿಲ್ಲೇ ಇದ್ದೀನಿ" ಅಷ್ಟು ಸಾಕು. ಮಂಚದ ಕೆಳಗೆ ಟಾರ್ಚ್ ಬಿಟ್ಟು ಹುಡುಕೋದು, ದೆವ್ವ ಓಡಿಸೋಕೆ ಸ್ಪ್ರೇ ಹೊಡೆಯೋದು ಬೇಡ. ಮಗು ಹೇಳೋಕೆ ಬಂದ್ರೆ ಕೇಳಿಸ್ಕೊಳ್ಳಿ, ಕೆದಕಿ ಕೇಳ್ಬೇಡಿ, "ಉಳಿದಿದ್ದನ್ನ ಬೆಳಗ್ಗೆ ಬಲೆ ಹತ್ರ ಹೇಳೋಣ" ಅನ್ನಿ. ಈ ಒಂದು ಮಾತು ಎಷ್ಟು ಕೆಲಸ ಮಾಡತ್ತೆ ಅಂತ ನಾನು ಮತ್ತೆ ಮತ್ತೆ ನೋಡಿದ್ದೀನಿ, ಮಗುಗೆ ಆ ಭಯ ಇಡೋಕೆ ಒಂದು ಜಾಗ ಸಿಗತ್ತೆ.

ಬೆಳಗ್ಗೆ ಹಲ್ಲುಜ್ಜಿದ ಮೇಲೆ ಕಿಟಕಿ ತೆಗೆದು ಬೆಳಕು ಒಳಗೆ ಬಿಡಿ, ಡ್ರೀಮ್‌ಕ್ಯಾಚರ್ ಕೆಳಗೆ ಇಳಿಸಿ ಮಗು ಕೈಗೇ ಕೊಡಿ. ಮಗು ನೆನಪಿದ್ದಷ್ಟು ಹೇಳ್ಲಿ, ಇಲ್ಲಾಂದ್ರೆ ಬರೀಲಿ, ಆಮೇಲೆ ನೀವು ಕೇಳ್ಬೇಕಾದ ಪ್ರಶ್ನೆ ಒಂದಿದೆ, "ಈ ಕತೆ ಮುಂದೆ ಏನಾಗ್ಬೇಕು ಅಂತ ನಿಂಗಿಷ್ಟ?" ಉತ್ತರ ನೀವು ಹೇಳ್ಕೊಡ್ಬೇಡಿ. ಅಟ್ಟಿಸ್ಕೊಂಡು ಬಂದ ನಾಯಿ ಚಿಕ್ಕದಾಗ್ಬೋದು, ಮಗುಗೆ ರೆಕ್ಕೆ ಬರ್ಬೋದು, ನಮಗೆ ತಲೆಬುಡ ಇಲ್ಲ ಅನ್ಸಿದ್ರೂ ಪರವಾಗಿಲ್ಲ. ಇದು ನಾನು ಕಟ್ಟಿದ್ದಲ್ಲ, ಇಮೇಜರಿ ರಿಹರ್ಸಲ್ ಅನ್ನೋ ಚಿಕಿತ್ಸೆಯ ತಿರುಳು, ಎಚ್ಚರವಾಗಿದ್ದಾಗ ಕನಸನ್ನ ಬದಲಾಯಿಸಿ ಅದನ್ನ ದಿನಾ ಕೆಲವು ನಿಮಿಷ ಮನಸ್ಸಲ್ಲಿ ಆಡಿಸೋದು, ಬ್ಯಾರಿ ಕ್ರಾಕೋವ್ ಮತ್ತವರ ತಂಡ 2001ರಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದ ಮಹಿಳೆಯರ ಜೊತೆ ಪರೀಕ್ಷಿಸಿ ಕೆಟ್ಟ ಕನಸು ಕಮ್ಮಿಯಾಗೋದನ್ನ ತೋರಿಸಿದ್ರು, ಮಕ್ಕಳ ಜೊತೆ ನಾವು ಅದನ್ನ ಚಿತ್ರ, ಆಟದ ರೂಪದಲ್ಲಿ ಮಾಡ್ತೀವಿ.

ಹೊಸ ಕತೆ ಆದ್ಮೇಲೆ ಕ್ಲೀನಿಂಗ್. ಒಣ ಮೆತ್ತನೆ ಬ್ರಶ್‌ನಲ್ಲಿ ನೂಲಿನ ಮೇಲಿಂದ ಧೂಳು ತೆಗೆಯೋದು, ಗರಿಗಳನ್ನ ಬುಡದಿಂದ ತುದಿಗೆ ಬೆರಳಲ್ಲಿ ಸವರೋದು, ಕಿಟಕಿ ಹತ್ರ ಬಿಸಿಲಲ್ಲಿ ಸ್ವಲ್ಪ ಹೊತ್ತು ಇಟ್ಟು ಮತ್ತೆ ನೇತುಹಾಕೋದು. ನೀರಲ್ಲಿ ನೆನೆಸ್ಬೇಡಿ, ಅಂಟು ಬಿಡತ್ತೆ, ಗರಿ ಹಾಳಾಗತ್ತೆ. ಧೂಳು ಮಾತ್ರ ಆಗಾಗ ನಿಜವಾಗ್ಲೂ ತೆಗೀಬೇಕು, ಗರಿಯಲ್ಲಿ ಕೂತ ಧೂಳು ಮಗು ಮುಖದ ಮೇಲೇ ಬೀಳೋದು. ನೇತುಹಾಕೋ ಜಾಗದ ಬಗ್ಗೆಯೂ ಹುಷಾರು, ದಾರ ಮಣಿ ಗರಿ ಯಾವುದೂ ಮಗು ಕೈಗೆ ಎಟುಕಬಾರದು, ಎಳೆ ಕೂಸಿನ ತೊಟ್ಟಿಲ ಮೇಲೆ ಬೇಡವೇ ಬೇಡ, ದಾರ ಕುತ್ತಿಗೆಗೆ ಸುತ್ಕೊಳ್ಳೋ ಅಪಾಯ ಸಣ್ಣದಲ್ಲ.

ಕೆಲಸ ಮಗು ಕೈಯಲ್ಲೇ ಆಗ್ಬೇಕು ಅಂತ ನಾನು ಹಠ ಹಿಡಿಯೋದಕ್ಕೆ ಕಾರಣ ಇದೆ. ಇಸ್ರೇಲಿನ ನಿದ್ದೆ ಸಂಶೋಧಕ ಆವಿ ಸಾದೇ ಮತ್ತವರ ತಂಡ 2006ರ ಲೆಬನಾನ್ ಯುದ್ಧದಿಂದ ಹೆದರಿದ್ದ ಪುಟ್ಟ ಮಕ್ಕಳಿಗೆ ಒಂದೊಂದು ಗೊಂಬೆ ನಾಯಿ ಕೊಟ್ರು, ಇದು ನಿನ್ನ ಕಾಯತ್ತೆ ಅಂತ ಹೇಳ್ಲಿಲ್ಲ, ಇದಕ್ಕೆ ಬೇಜಾರಾಗಿದೆ, ನೀನು ಇದನ್ನ ನೋಡ್ಕೋ ಅಂದ್ರು. ನೋಡ್ಕೊಳ್ಳೋ ಜವಾಬ್ದಾರಿ ಸಿಕ್ಕ ಮಕ್ಕಳಲ್ಲಿ ಒತ್ತಡದ ಲಕ್ಷಣಗಳು ಇಳಿದವು. ಡ್ರೀಮ್‌ಕ್ಯಾಚರ್‌ನ ವಿಷಯದಲ್ಲೂ ನನ್ನ ಅನುಭವ ಇದೇ, ಗೋಡೆ ಮೇಲೆ ಸುಮ್ನೆ ಕಾವಲು ನಿಂತಿದ್ದಾಗ ಅದು ಕೊಡದ ಧೈರ್ಯವನ್ನ ಮಗು ತಾನೇ ಅದರ ಧೂಳು ಒರೆಸೋವಾಗ ಕೊಡತ್ತೆ.

ಒಂದು ರಾತ್ರಿ ಮತ್ತೆ ಕನಸು ಬಿದ್ದೇ ಬೀಳತ್ತೆ, "ಇದು ಕೆಟ್ಟೋಗಿದೆ" ಅಂತ ಮಗು ಅಳತ್ತೆ. ಅದಕ್ಕೇ ಮೊದಲ ದಿನವೇ ಕನಸೇ ಬೀಳಲ್ಲ ಅಂತ ಮಾತು ಕೊಡ್ಬೇಡಿ, ಕನಸು ಎಲ್ಲರಿಗೂ ಬೀಳತ್ತೆ, ಬಿದ್ರೆ ಬೆಳಗ್ಗೆ ಏನ್ ಮಾಡ್ಬೇಕು ಅಂತ ನಮಗೆ ಗೊತ್ತು ಅನ್ನಿ. ಇನ್ನೊಂದು ವಿಷಯ ನಾನು ಕಣ್ಣಿಟ್ಟು ನೋಡೋದು, ಮಗು ಅದನ್ನ ಐದೇ ಸಲ ಒರೆಸ್ಬೇಕು, ಒಂದು ಸಲ ತಪ್ಪಿದ್ರೂ ಅಮ್ಮನಿಗೆ ಏನೋ ಆಗತ್ತೆ ಅಂತ ಮೊದಲಿಂದ ಶುರು ಮಾಡೋದು, ಅದಿಲ್ಲದೆ ಇನ್ನೊಬ್ಬರ ಮನೆಯಲ್ಲಿ ಮಲಗೋಕೇ ಆಗದೆ ಇರೋದು. ಹಾಗಾದ್ರೆ ಅದು ಸಮಾಧಾನ ಕೊಡೋದು ನಿಂತು ಕಟ್ಟುಪಾಡಾಗಿದೆ, ಆಗ ನಿಲ್ಲಿಸಿ, ಮಕ್ಕಳ ಮನೋವೈದ್ಯರ ಹತ್ರ ಮಾತಾಡಿ.

ಕೆಟ್ಟ ಕನಸು ವಾರಕ್ಕೆ ಹಲವು ಸಲ, ವಾರಗಟ್ಟಲೆ ಬರ್ತಾ ಇದ್ರೆ, ಅಪಘಾತವೋ ಸಾವೋ ಹಿಂಸೆಯೋ ಆದ್ಮೇಲೆ ಅದೇ ಕನಸು ತಿರುಗಿ ತಿರುಗಿ ಬಂದ್ರೆ, ಹಗಲಲ್ಲೂ ಮಗು ಬೆದರಿದ್ರೆ, ಜೋರಾಗಿ ಗೊರಕೆ ಹೊಡೀತಿದ್ರೆ ಮನೆಮದ್ದಲ್ಲಿ ಕಾಲ ಕಳೀಬೇಡಿ, ಡಾಕ್ಟರ್ ಹತ್ರ ಹೋಗಿ. ಔಷಧಿ ಪಟ್ಟಿನೂ ತಗೊಂಡ್ಹೋಗಿ, ಅಸ್ತಮಾ ಮತ್ತು ಅಲರ್ಜಿಗೆ ಕೊಡೋ ಮಾಂಟೆಲುಕಾಸ್ಟ್‌ನಿಂದ ಕೆಲವರಿಗೆ ಕೆಟ್ಟ ಕನಸು, ಮನಸ್ಥಿತಿ ಏರುಪೇರು ಆಗ್ಬೋದು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಅದಕ್ಕೆ ತನ್ನ ಅತಿ ಗಟ್ಟಿ ಎಚ್ಚರಿಕೆ ಹಾಕಿಸ್ತು, ನೀವಾಗೇ ನಿಲ್ಲಿಸ್ಬೇಡಿ, ಕೊಟ್ಟ ಡಾಕ್ಟರನ್ನ ಕೇಳಿ. ನಿದ್ದೆ ಎಷ್ಟಾಗ್ತಿದೆ ಅಂತಲೂ ಲೆಕ್ಕ ಹಾಕಿ, 3ರಿಂದ 5 ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆ, 6ರಿಂದ 12ರವರಿಗೆ 9ರಿಂದ 12 ಗಂಟೆ ಬೇಕು, ನಿದ್ದೆಗೆಟ್ಟ ಮಗುಗೆ ಇವೆಲ್ಲ ಜಾಸ್ತಿ.

ಆ ಆರು ವರ್ಷದ ಹುಡುಗಿ ಮನೆಯಲ್ಲಿ ರಾತ್ರಿ ಹೊಗೆ ನಿಂತು ಬೆಳಗಿನ ಬ್ರಶ್ ಶುರುವಾಯ್ತು. ಮೊದಮೊದಲು ದಿನಾ ಅವಳೇ ನೆನಪು ಮಾಡಿ ಇಳಿಸ್ಕೊಡಿ ಅಂತಿದ್ಲು. ಎರಡು ತಿಂಗಳು ಕಳೆದ್ಮೇಲೆ ಅವರಮ್ಮ ಫೋನ್ ಮಾಡಿ, "ಮೇಡಂ, ಎಂಟು ದಿನ ಆಯ್ತು, ಅವಳು ಅದನ್ನ ಮುಟ್ಟೇ ಇಲ್ಲ, ನಾನೇ ಜ್ಞಾಪಿಸ್ಲಾ?" ಅಂದ್ರು. ಬೇಡಮ್ಮ, ಮರೀಲಿ ಬಿಡಿ ಅಂದೆ.