ಗಾಜಿಗೆ ಅಂಟಿದ ಫೋಟೋ: ದಯವಿಟ್ಟು ಕೀಳಬೇಡಿ

ಹಳೇ ಫೋಟೋ ಸರಿಮಾಡುವ ನನ್ನ ಬಳಿಗೆ ಬರುವ ತೊಂದರೆಗಳು ನೂರೆಂಟು. ಗೆದ್ದಲು, ಬೂಷ್ಟು, ಹರಿದ ಮೂಲೆ, ಮೊಮ್ಮಕ್ಕಳು ಸ್ಕೆಚ್ ಪೆನ್ನಿನಲ್ಲಿ ಬರೆದ ಮೀಸೆ. ಇವಕ್ಕೆಲ್ಲ ಏನಾದರೂ ಒಂದು ದಾರಿ ಇರುತ್ತದೆ. ನನ್ನ ತಾಳ್ಮೆ ಕೆಡಿಸುವುದು ಒಂದೇ ಮಾತು: "ಗಾಜಿಗೆ ಅಂಟ್ಕೊಂಡಿತ್ತು ಸಾರ್, ನಾವೇ ಹುಷಾರಾಗಿ ಬಿಡಿಸಿದ್ವಿ."

ಹುಷಾರಾಗಿ ಬಿಡಿಸಿದರೂ ಅಷ್ಟೇ, ಜಗ್ಗಿ ಎಳೆದರೂ ಅಷ್ಟೇ. ತೀರ್ಥಹಳ್ಳಿ ಕಡೆಯ ಒಬ್ಬರು ಹೀಗೇ ಬಂದಿದ್ದರು. ಒಂದು ಕೈಯಲ್ಲಿ ಗಾಜು, ಇನ್ನೊಂದು ಕೈಯಲ್ಲಿ ಕಾಗದ. ಕಾಗದದ ಮೇಲೆ ಅಜ್ಜನ ಕೋಟು ಇತ್ತು, ಕುರ್ಚಿಯ ಕೈ ಇತ್ತು, ಪಕ್ಕದ ಸ್ಟೂಲಿನ ಮೇಲಿನ ಹೂದಾನಿ ಇತ್ತು. ಮುಖ ಇರಬೇಕಾದ ಜಾಗ ಬೆಳ್ಳಗೆ ಖಾಲಿ. ಮುಖವೆಲ್ಲ ಗಾಜಿನ ಮೇಲೆ ಉಳಿದಿತ್ತು, ಚೂರು ಚೂರಾಗಿ. "ಇದನ್ನ ಅಲ್ಲಿಗೇ ಅಂಟಿಸೋಕೆ ಆಗಲ್ವಾ?" ಎಂದು ಕೇಳಿದರು. ಪಾಪ, ಕಣ್ಣಲ್ಲಿ ನೀರಿತ್ತು. ಬೈಯಬೇಕೆಂದುಕೊಂಡಿದ್ದವನು ಸುಮ್ಮನಾದೆ.

ಯಾಕೆ ಹೀಗಾಗುತ್ತದೆ ಎಂದು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಏಕೆಂದರೆ ಇದು ಅರ್ಥವಾದವರು ಯಾರೂ ಫೋಟೋ ಕೀಳಲು ಹೋಗುವುದಿಲ್ಲ.

ಚಿತ್ರ ಇರುವುದು ಕಾಗದದಲ್ಲಿ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಹಾಗಲ್ಲ. ಹಳೆಯ ಕಪ್ಪುಬಿಳುಪು ಫೋಟೋದಲ್ಲಿ ತಳಕ್ಕೆ ಕಾಗದ, ಅದರ ಮೇಲೆ ಬೇರಿಯಂ ಸಲ್ಫೇಟಿನ ಬಿಳಿ ಲೇಪ, ಅದರ ಮೇಲೆ ಕೂದಲಿಗಿಂತ ತೆಳ್ಳಗಿನ ಜೆಲಾಟಿನ್ ಪದರ. ನಿಮ್ಮ ಅಜ್ಜ ಇರುವುದು ಆ ಜೆಲಾಟಿನ್ ಒಳಗೆ ಸಿಕ್ಕಿಕೊಂಡ ಬೆಳ್ಳಿಯ ಕಣಗಳಲ್ಲಿ. ಜೆಲಾಟಿನ್ ಎಂದರೆ ಪ್ರಾಣಿಗಳ ಮೂಳೆ, ಚರ್ಮ ಬೇಯಿಸಿ ತೆಗೆದ ಅಂಟು. (ಹಿರಿಯರ ಫೋಟೋ ದೇವರಮನೆಯಲ್ಲಿ ಇಟ್ಟವರಿಗೆ ನಾನು ಇದನ್ನು ಬಿಡಿಸಿ ಹೇಳಲು ಹೋಗುವುದಿಲ್ಲ.) ಈ ಅಂಟು ತೇವ ಕುಡಿಯುತ್ತದೆ, ಉಬ್ಬುತ್ತದೆ, ಮೆತ್ತಗಾಗುತ್ತದೆ.

ಇನ್ನು ನಮ್ಮ ಫ್ರೇಮುಗಳನ್ನು ನೋಡಿ. ಗಾಜು, ಅದಕ್ಕೆ ಒತ್ತಿಕೊಂಡೇ ಫೋಟೋ, ಹಿಂದೆ ರಟ್ಟು, ಬಿಗಿಯಾಗಿ ಹೊಡೆದ ಮೊಳೆ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಜೂನ್ ತಿಂಗಳಿಂದ ಗೋಡೆಯೇ ಬೆವರುತ್ತದೆ. ಒಳಗೆ ಜೆಲಾಟಿನ್ ಮೆತ್ತಗಾಗಿ ಗಾಜಿಗೆ ಕೂರುತ್ತದೆ. ಮಳೆ ನಿಂತ ಮೇಲೆ ಒಣಗುತ್ತದೆ. ಮುಂದಿನ ವರ್ಷ ಮತ್ತೆ ಅದೇ. ಸಂಡಿಗೆ ಹಿಟ್ಟು ಸ್ಟೀಲ್ ತಟ್ಟೆಯ ಮೇಲೆ ಒಣಗಿದರೆ ಹೇಗೆ ಹಿಡಿಯುತ್ತದೆ, ಹಾಗೆ ಹಿಡಿಯುತ್ತದೆ. ಕೊನೆಗೆ ಜೆಲಾಟಿನ್‌ಗೆ ತನ್ನ ಕಾಗದಕ್ಕಿಂತ ಗಾಜಿನ ಮೇಲಿನ ಹಿಡಿತವೇ ಜಾಸ್ತಿಯಾಗುತ್ತದೆ. ಆಗ ನೀವು ಎಳೆದರೆ ಕಾಗದ ನಿಮ್ಮ ಕೈಗೆ, ಚಿತ್ರ ಗಾಜಿಗೆ.

ಹಬ್ಬದ ಮುಂಚಿನ ಕ್ಲೀನಿಂಗ್ ಕೂಡ ಇದಕ್ಕೆ ಕೈಜೋಡಿಸುತ್ತದೆ. ಗಾಜಿನ ಮೇಲಿನ ಕುಂಕುಮ, ಊದುಬತ್ತಿಯ ಮಸಿ ತೆಗೆಯಲು ಗಾಜಿಗೇ ನೀರೋ ಲಿಕ್ವಿಡ್ಡೋ ಸಿಂಪಡಿಸುತ್ತಾರೆ. ಅದು ಕೆಳಗಿನ ಅಂಚಿನ ಸಂದಿಯಿಂದ ಒಳಗೆ ಇಳಿಯುತ್ತದೆ. ಬಟ್ಟೆಯನ್ನು ಮಾತ್ರ ಒಂಚೂರು ಒದ್ದೆ ಮಾಡಿ, ಫ್ರೇಮನ್ನು ಗೋಡೆಯಿಂದ ಇಳಿಸಿ ಒರೆಸಿ. ಅಷ್ಟು ಸಾಕು.

ಅಂಟಿದ ಫೋಟೋ ಬಿಡಿಸಲು ಜನ ಮಾಡುವ ಸಾಹಸಗಳು ಗೊತ್ತೇ ಇವೆ. ಹೇರ್ ಡ್ರೈಯರ್, ಬ್ಲೇಡು, ದಾರ, ಫ್ರೀಜರ್. ಎಲ್ಲಕ್ಕಿಂತ ಹೆಚ್ಚಾಗಿ ನೀರಿನ ಟಬ್ಬು. ಫೋಟೋವನ್ನು ತೊಳೆದಿದ್ದೇ ನೀರಿನಲ್ಲಿ ಅಲ್ವಾ, ಈಗ ನೆನೆಸಿದರೆ ಏನಾಗುತ್ತದೆ ಎನ್ನುತ್ತಾರೆ. ವಾದ ಸರಿಯಾಗಿಯೇ ಇದೆ. ನೆನೆಸಿದಾಗ ಬಿಟ್ಟುಕೊಂಡ ಫೋಟೋಗಳೂ ಇವೆ, ಸುಳ್ಳು ಹೇಳುವುದಿಲ್ಲ. ಆದರೆ ಬೂಷ್ಟು ತಿಂದ ಜೆಲಾಟಿನ್ ನೀರಿನಲ್ಲಿ ಕರಗಿಯೇ ಹೋಗುತ್ತದೆ. ಸ್ಟುಡಿಯೋದವರು ಕೈಯಿಂದ ಹಚ್ಚಿದ ಬಣ್ಣ, ಅಂದರೆ ಅಜ್ಜಿಯ ಸೀರೆಯ ಅಂಚಿನ ಕೆಂಪು, ಕೆನ್ನೆಯ ಗುಲಾಬಿ, ನೀರಿಗೆ ಬಿದ್ದರೆ ಹೋಯಿತು. ಯಾವುದು ಬರುತ್ತದೆ, ಯಾವುದು ಕರಗುತ್ತದೆ ಎಂದು ಮುಂಚೆಯೇ ಹೇಳುವುದು ನನಗೂ ಕಷ್ಟ. ನೋಡಿದ ಮೇಲೂ ಎಷ್ಟೋ ಸಲ 'ಬೇಡ, ಹಾಗೇ ಇರಲಿ' ಎನ್ನುತ್ತೇನೆ. ಕೀಳದೇ ಇರುವುದಕ್ಕೂ ಫೀಸ್ ತಗೋತೀರಾ ಎಂದು ಒಬ್ಬರು ಕೇಳಿದ್ದರು. ತಗೋತೀನಿ.

ಹಾಗಾದರೆ ಮಾಡಬೇಕಾದ್ದೇನು? ಗಾಜಿನ ಸಮೇತವೇ ಕಾಪಿ ತೆಗೆಯಿರಿ. ಹಿಂದಿನ ರಟ್ಟು ಬಿಚ್ಚುವ ಮುಂಚೆಯೇ ತೆಗೆಯಿರಿ. ಸ್ಕ್ಯಾನರ್ ಇದ್ದರೆ ಗಾಜನ್ನು ಅದರ ಮೇಲೆ ಮಗುಚಿಡಿ, ಒತ್ತಬೇಡಿ. ಮೊಬೈಲ್ ಆದರೆ ಫ್ಲ್ಯಾಶ್ ಬೇಡ. ಕಿಟಕಿಯ ಬೆಳಕು ಪಕ್ಕದಿಂದ ಬರಲಿ. ನಿಮ್ಮ ನೆರಳು ಗಾಜಿನಲ್ಲಿ ಕಂಡರೆ ಕರೀ ಬಟ್ಟೆಗೆ ತೂತು ಮಾಡಿ, ಅದರ ಹಿಂದಿನಿಂದ ತೆಗೆಯಿರಿ. ಅಂಟಿದ ಕಡೆ ಕಪ್ಪಾಗಿ, ಅಂಟದ ಕಡೆ ಮಂಕಾಗಿ ಕಾಣುತ್ತದೆ. ಕಂಪ್ಯೂಟರಿನಲ್ಲಿ ಅದನ್ನು ಎಷ್ಟೋ ಸರಿ ಮಾಡಬಹುದು. ಮುಖವೇ ಇಲ್ಲದ ಕಾಗದಕ್ಕೆ ಮುಖ ತರುವುದು ಹಾಗಲ್ಲ. ಈಗ ಆ್ಯಪ್‌ಗಳು ಚೆಂದದ ಮುಖವನ್ನೇ ಕೂರಿಸಿಕೊಡುತ್ತವೆ, ಆದರೆ ಅದು ನಿಮ್ಮ ಅಜ್ಜನಲ್ಲ.

ಇನ್ನೂ ಅಂಟದ ಫೋಟೋಗಳಿಗೆ ಉಪಾಯ ತುಂಬ ಸುಲಭ. ಗಾಜಿಗೂ ಫೋಟೋಗೂ ನಡುವೆ ಗ್ಯಾಪ್ ಬೇಕು. ನಡುವೆ ಚೌಕ ಕತ್ತರಿಸಿದ ದಪ್ಪ ಮೌಂಟ್ ಬೋರ್ಡ್ ಹಾಕಿಸಿ, ಸಿಕ್ಕರೆ ಆ್ಯಸಿಡ್ ಇಲ್ಲದ್ದು. ಫ್ರೇಮ್ ಅಂಗಡಿಯವರು 'ಅದೆಲ್ಲ ಬೇಡ ಸಾರ್, ಫೋಟೋ ಚಿಕ್ಕದಾಗಿ ಕಾಣುತ್ತೆ' ಎಂದೇ ಎನ್ನುತ್ತಾರೆ. ಕೇಳಬೇಡಿ. ಗಾಜಿನ ಬದಲು ಅಕ್ರಿಲಿಕ್ ಹಾಕಿಸಿದರೂ ಗ್ಯಾಪ್ ಇಲ್ಲದಿದ್ದರೆ ಕಥೆ ಅದೇ. ಬಚ್ಚಲುಮನೆಯ ಪಕ್ಕದ ಗೋಡೆ, ಮಳೆ ಹೊಡೆಯುವ ಹೊರಗೋಡೆ ಎರಡೂ ಬೇಡ. ಲ್ಯಾಮಿನೇಶನ್ ಬಗ್ಗೆ ಬರೆಯಲು ಕೂತರೆ ಬಿಪಿ ಏರುತ್ತದೆ, ಅದನ್ನು ಇನ್ನೊಮ್ಮೆ ನೋಡೋಣ.

ರಟ್ಟು ಬಿಚ್ಚಿದಾಗ ಸಿಗುವ ಯಾವುದನ್ನೂ ಕಸಕ್ಕೆ ಹಾಕಬೇಡಿ. ಹಿಂದೆಲ್ಲ ತುಂಬಲು ಹಳೇ ಪೇಪರ್ ಇಡುತ್ತಿದ್ದರು. ಆ ಪೇಪರಿನ ತುಣುಕು ಉದಯವಾಣಿಯದಾದರೆ ಫ್ರೇಮ್ ಹಾಕಿಸಿದ್ದು 1970ಕ್ಕಿಂತ ಮುಂಚೆ ಅಲ್ಲ, ಏಕೆಂದರೆ ಆ ಪತ್ರಿಕೆ ಶುರುವಾಗಿದ್ದೇ ಆಗ. ಆದರೆ ಅದು ಫ್ರೇಮಿನ ವಯಸ್ಸು, ಫೋಟೋದ್ದಲ್ಲ. ಫೋಟೋದ ಕಾಲ ತಿಳಿಯಲು ಸ್ಟುಡಿಯೋ ಸೀಲು, ಮೌಂಟಿನ (ಸ್ಟುಡಿಯೋದವರು ಫೋಟೋ ಅಂಟಿಸಿ ಕೊಡುತ್ತಿದ್ದ ದಪ್ಪ ರಟ್ಟಿನ) ಮೇಲಿನ ವಿಳಾಸ ನೋಡಿ. ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. 'ಮೈಸೂರು ಸ್ಟೇಟ್' ಎಂದಿದ್ದರೆ ಸುಮಾರಾಗಿ 1973ರ ನವೆಂಬರ್‌ಗೆ ಮುಂಚಿನದು. ಬೆಂಗಳೂರಿನ ವಿಳಾಸದಲ್ಲಿ 'ಸಿ ಅಂಡ್ ಎಂ ಸ್ಟೇಷನ್' (ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್) ಎಂದಿದ್ದರೆ ದಂಡು ಪ್ರದೇಶ ಇನ್ನೂ ಬ್ರಿಟಿಷರ ಕೈಯಲ್ಲಿದ್ದಾಗಿನದು, 1947ಕ್ಕೆ ಮುಂಚಿನದು. ಸ್ಟುಡಿಯೋದವರು ಹಳೇ ಮೌಂಟುಗಳನ್ನು ಮುಗಿಯುವ ತನಕ ಬಳಸುತ್ತಿದ್ದರು, ಹಾಗಾಗಿ ಒಂದೆರಡು ವರ್ಷ ಆಚೆ ಈಚೆ ಇಟ್ಟುಕೊಳ್ಳಿ.

ಫೋಟೋದಲ್ಲಿರುವುದು ಯಾರು ಎಂದು ನನ್ನನ್ನು ಕೇಳಿದರೆ ಮಾತ್ರ ಏನೂ ಉಪಯೋಗವಿಲ್ಲ. ಅದನ್ನು ಮನೆಯ ಹಿರಿಯರೇ ಹೇಳಬೇಕು. ಕಾಪಿಯನ್ನು ದೊಡ್ಡದು ಮಾಡಿ ತೋರಿಸಿ, ಅವರು ಮಾತಾಡಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮೊಗ್ಗಿನ ಜಡೆ ಹಾಕಿಕೊಂಡು, ಜಡೆ ಕಾಣಲೆಂದು ಹಿಂದೆ ಕನ್ನಡಿ ಇಟ್ಟು ನಿಂತ ಮಗುವನ್ನು ಹುಡುಗಿ ಎಂದು ತೀರ್ಮಾನಿಸಬೇಡಿ. ಚೌಲಕ್ಕೆ, ಅಂದರೆ ಮೊದಲ ಸಲ ಕೂದಲು ತೆಗೆಸುವ ಶಾಸ್ತ್ರಕ್ಕೆ ಮುಂಚೆ ಗಂಡುಮಕ್ಕಳಿಗೂ ಲಂಗ ಉಡಿಸಿ, ಜಡೆ ಹೆಣೆದು ಫೋಟೋ ತೆಗೆಸುತ್ತಿದ್ದರು. ಯಾವ ಸೋದರತ್ತೆ ಇವಳು ಎಂದು ಮನೆಮಂದಿಯೆಲ್ಲ ತಲೆಕೆಡಿಸಿಕೊಂಡಿದ್ದ ಒಂದು ಫೋಟೋ, ರಿಟೈರ್ ಆದ ತಹಸೀಲ್ದಾರ್ ದೊಡ್ಡಪ್ಪನದಾಗಿತ್ತು. ಅವರು ಅಲ್ಲೇ ಕೂತು ಕಾಫಿ ಕುಡಿಯುತ್ತಾ ಸುಮ್ನೆ ನಗುತ್ತಿದ್ದರಂತೆ.

ಬರೆದಿಡುವಾಗ 'ನಮ್ಮ ಅಜ್ಜಿ' ಎಂದು ಬರೆಯಬೇಡಿ. ಯಾರ ಅಜ್ಜಿ? ಬರೆದವರೇ ಹೋದ ಮೇಲೆ ಯಾರನ್ನು ಕೇಳುವುದು? ಹೆಸರು, ಊರು, ಯಾರ ಹೆಂಡತಿ, ಯಾರ ಮಗಳು ಎಂದು ಬರೆಯಿರಿ. ಹಿಂಬದಿಯ ಅಂಚಿನಲ್ಲಿ, ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಒತ್ತದೆ. ಬಾಲ್ ಪೆನ್ನಿನ ಗೆರೆ ಮುಂದುಗಡೆ ಎದ್ದು ಕಾಣುತ್ತದೆ. ಬಣ್ಣದ ಫೋಟೋಗಳ ಪ್ಲಾಸ್ಟಿಕ್ ಹಿಂಬದಿಗೆ ಪೆನ್ಸಿಲ್ ಹಿಡಿಯುವುದಿಲ್ಲ, ಅವಕ್ಕೆ ಕವರಿನ ಮೇಲೆ ಬರೆದರೆ ಸಾಕು.

ಅಂಟಿದ ಫೋಟೋವನ್ನು ತೋರಿಸಲೇಬೇಕು ಎಂದಿದ್ದರೆ ಫ್ರೇಮ್ ಸಮೇತ ತನ್ನಿ. ಗಾಜು ಒಡೆದಿದ್ದರೆ ಚೂರುಗಳನ್ನು ಆರಿಸಲು ಹೋಗದೆ, ಗಟ್ಟಿ ರಟ್ಟಿನ ಮೇಲೆ ಮುಖ ಮೇಲಾಗಿ ಮಲಗಿಸಿ, ಹಾಗೇ ತನ್ನಿ. ಮಳೆಗಾಲದಲ್ಲಿ ಬೇಡ. ಆಗ ಜೆಲಾಟಿನ್ ಮೆತ್ತಗಿರುತ್ತದೆ, ಬಸ್ಸಿನ ಕುಲುಕಾಟಕ್ಕೇ ಅರ್ಧ ಕೆಲಸ ಕೆಡುತ್ತದೆ. ದೀಪಾವಳಿ ಕಳೆದ ಮೇಲೆ ಬನ್ನಿ.