ಹಿಂದೆ ಬಲ್ಬ್ ಇದೆಯಾ ಮಾವ?

ಕಣ್ಣಿಗೆ ಟಾರ್ಚ್ ಬಿಟ್ಟು ಪಾಪೆ ಕಿರಿದಾಗುತ್ತದೋ ಇಲ್ಲವೋ ನೋಡುವುದು ನರರೋಗ ವೈದ್ಯನಾದ ನನಗೆ ದಿನದ ಕೆಲಸ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದರೂ ಚಿತ್ರಕ್ಕಿಂತ ಮೊದಲು ನೋಡುವವರ ಕಣ್ಣನ್ನೇ ಗಮನಿಸುತ್ತೇನೆ. ಚಾಳಿ, ಬಿಡಿ.

ಮೊನ್ನೆ ಅಕ್ಕನ ಮಗಳು ಜೊತೆಗಿದ್ದಳು. ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಬಗ್ಗಿ, ಪಕ್ಕಕ್ಕೆ ಸರಿದು ಇಣುಕಿ, "ಮಾವ, ಇದರ ಹಿಂದೆ ಬಲ್ಬ್ ಇಟ್ಟಿದ್ದಾರಾ?" ಅಂದಳು.

ಇದು ರವಿವರ್ಮನ ಚಿತ್ರ ಅಂತ ಎಷ್ಟೋ ಜನ ನಂಬಿದ್ದಾರೆ. ಬರೆದವರು ಎಸ್.ಎಲ್. ಹಲ್ದಂಕರ್, 1940ರ ದಶಕದಲ್ಲಿ. ದೀಪ ಹಿಡಿದು ನಿಂತವಳು ಅವರ ಮಗಳೇ. ಕುಡಿಗೆ ಅಡ್ಡ ಹಿಡಿದ ಕೈ ನೋಡಿ: ಬೆರಳುಗಳು ಕೆಂಪಗೆ ಹೊಳೆಯುತ್ತವೆ. ಆದರೆ ಇರುವುದು ಕಾಗದ, ನೀರಿನ ಬಣ್ಣ, ಅಷ್ಟೇ. ಎಷ್ಟೇ ಬಿಳಿ ಕಾಗದವಾದರೂ ಮೇಲೆ ಬಿದ್ದ ಬೆಳಕನ್ನು ವಾಪಸ್ ಕಳಿಸಬಲ್ಲದು, ತಾನೇ ಉರಿಯಲಾರದು. ಹಾಗಾದರೆ ಬೆಳಕು ಎಲ್ಲಿಂದ ಬಂತು?

ಕತ್ತಲಿನಿಂದ. ಪಕ್ಕದ ಜಾಗಕ್ಕಿಂತ ಇಲ್ಲಿ ಬೆಳಕು ಎಷ್ಟು ಜಾಸ್ತಿ, ಎಷ್ಟು ಕಡಿಮೆ ಅನ್ನುವುದೇ ಕಣ್ಣಿನ ಒಳಪರದೆಯಾದ ರೆಟಿನಾ ಮೆದುಳಿಗೆ ಕಳಿಸುವ ಮುಖ್ಯ ಸುದ್ದಿ. ಅಲ್ಲಿ ಒಂದು ಕಡೆಯ ಕೋಶಗಳು ಚುರುಕಾದರೆ ಅಕ್ಕಪಕ್ಕದವನ್ನು ಸುಮ್ಮನಿರಿಸುತ್ತವೆ. ಹಾಗಾಗಿ ಕಪ್ಪಿನ ಪಕ್ಕದ ಹಳದಿ ಇನ್ನೂ ತಿಳಿಯಾಗಿ ಕಾಣುತ್ತದೆ. ಆ ಹಳದಿ ಅಂಚಿಗೆ ಹೋದಂತೆ ಮೆಲ್ಲಗೆ ಮಂಕಾದರೆ, ಇಲ್ಲೇನೋ ಉರಿಯುತ್ತಿದೆ ಅಂತ ಮೆದುಳು ತೀರ್ಮಾನಿಸಿಬಿಡುತ್ತದೆ. ಪಾಪೆ ಕೂಡ ಈ ಮೋಸಕ್ಕೆ ಬೀಳುತ್ತದೆ! ಸೂರ್ಯನ ಫೋಟೊ ತೋರಿಸಿದರೆ, ಅಷ್ಟೇ ಬೆಳಕಿನ ಬೇರೆ ಚಿತ್ರಕ್ಕಿಂತ ಪಾಪೆ ಜಾಸ್ತಿ ಕಿರಿದಾಗುತ್ತದೆ ಎಂದು 2013ರ ಒಂದು ಅಧ್ಯಯನ ತೋರಿಸಿದೆ. ಟಾರ್ಚ್ ಬಿಡುವ ನನಗೆ ಇದನ್ನು ಓದಿ ಸ್ವಲ್ಪ ಪೆಚ್ಚಾಯಿತು.

ಹೀಗೆ ಬಿಡಿಸಿ ಹೇಳಿದರೆ ರಸ ಕೆಡುತ್ತದೆ ಅನ್ನುವ ಗೆಳೆಯರಿದ್ದಾರೆ. ನನಗೆ ಆದದ್ದು ಬೇರೆ. ಮೊದಲೆಲ್ಲ ದೀಪ ಹಿಡಿದವಳ ಮುಖ ನೋಡಿ ಮುಂದೆ ಹೋಗುತ್ತಿದ್ದೆ. ಈಗ ಹಿಂದಿನ ಕತ್ತಲನ್ನೇ ನೋಡುತ್ತಾ ನಿಲ್ಲುತ್ತೇನೆ. ನೀರಿನ ಬಣ್ಣದಲ್ಲಿ ಬೆಳಕನ್ನು ಆಮೇಲೆ ಬಳಿಯುವುದು ಕಷ್ಟ. ಬೆಳಕು ಬೇಕಾದ ಕಡೆ ಕಾಗದವನ್ನು ಮೊದಲೇ ಉಳಿಸಿಕೊಂಡು, ಸುತ್ತ ಕತ್ತಲು ಕಟ್ಟುತ್ತಾ ಬರಬೇಕು. ಕೈ ತಪ್ಪಿದರೆ ದೀಪ ಹೋಯಿತು.

ಹುಡುಗಿಗೆ ಇಷ್ಟೆಲ್ಲ ಹೇಳಲಿಲ್ಲ. "ಮುಷ್ಟಿಯನ್ನು ಕೊಳವೆ ಥರ ಮಾಡಿ, ಒಂದೇ ಕಣ್ಣಲ್ಲಿ ಬರೀ ಹೊಳೆಯುವ ಜಾಗ ನೋಡು" ಅಂದೆ. ಸುತ್ತಲಿನ ಕತ್ತಲು ಮರೆಯಾಯಿತು.

"ಅಯ್ಯೋ, ಬರೀ ಹಳದಿ ಬಣ್ಣ!"

ಮುಷ್ಟಿ ತೆಗೆದಳು, ದೀಪ ಹೊತ್ತಿತು. ಹಿಡಿದಳು, ಆರಿತು. ಹಿಂದೆ ನಿಂತವರು "ಮುಂದೆ ಹೋಗಮ್ಮ" ಅಂದರೂ ಕೇಳಲಿಲ್ಲ.