'ಮಾಡಬಹುದು' ಬೇರೆ, 'ಒಗ್ಗುತ್ತದೆ' ಬೇರೆ: ಡಿಎಫ್‌ಎಂ ಪದದ ಸುತ್ತ

ಹೋದ ವಾರ ಮತ್ತೆ ಅದೇ ಆಯಿತು. ಎಂಜಿನಿಯರಿಂಗ್ ಹುಡುಗರಿಗೆ ವಿಮಾನದ ಬಿಡಿಭಾಗಗಳ ವಿನ್ಯಾಸದ ಬಗ್ಗೆ ಒಂದು ತರಬೇತಿ ಇತ್ತು, ಕೇಳಲು ಹೋಗಿದ್ದೆ. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬಂತು: "ಡಿಎಫ್‌ಎಂ ಎಂದರೆ ತಯಾರಿಸಲು ಸಾಧ್ಯವಾದ ವಿನ್ಯಾಸ. ಗುರಿ: ಖರ್ಚು ಉಳಿತಾಯ." ಹುಡುಗರೆಲ್ಲ ಬರೆದುಕೊಂಡರು. ಎರಡು ಸಾಲು, ಎರಡು ತಪ್ಪು. ಈ ವರ್ಷ ಇದನ್ನು ನಾನು ನೋಡುತ್ತಿರುವುದು ಐದನೆಯ ಸಲವೋ ಆರನೆಯ ಸಲವೋ, ಅದಕ್ಕೇ ಬರೆಯಲು ಕೂತೆ.

ಡಿಎಫ್‌ಎಂ ಅಂದರೆ ಡಿಸೈನ್ ಫಾರ್ ಮ್ಯಾನುಫ್ಯಾಕ್ಚರಿಂಗ್: ಭಾಗ ಹೇಗೆ ತಯಾರಾಗುತ್ತದೆ ಅಂತ ಮೊದಲೇ ಯೋಚಿಸಿ ಅದಕ್ಕೆ ತಕ್ಕಂತೆ ವಿನ್ಯಾಸ ಮಾಡುವುದು. ಅದಕ್ಕಿಂತ ಹೆಚ್ಚು ಇಲ್ಲಿ ಬಿಡಿಸುವುದಿಲ್ಲ. ಬೆಳಗಾವಿಯ ಉದ್ಯಮಬಾಗದಲ್ಲೋ ಮಚ್ಛೆಯಲ್ಲೋ ನಾಲ್ಕು ದಿನ ಮಷೀನ್ ಪಕ್ಕ ನಿಂತವರಿಗೆ ಅದು ದಿನಬಳಕೆಯ ಮಾತು. ನನ್ನ ತಕರಾರು 'ಸಾಧ್ಯ' ಅನ್ನುವ ಪದದ ಮೇಲೆ.

'ಸಾಧ್ಯ' ಅಂದರೆ ಆಗುತ್ತೆ, ಅಷ್ಟೇ. ಕೈಯಲ್ಲಿ ಅರ ಹಿಡಿದು ತಿಂಗಳುಗಟ್ಟಲೆ ಉಜ್ಜಿದರೆ ಆಗದ ಕೆಲಸ ಯಾವುದಿದೆ? ಡಿಎಫ್‌ಎಂನ 'ಎಂ'ಗೆ ಮ್ಯಾನುಫ್ಯಾಕ್ಚರೆಬಿಲಿಟಿ ಅಂತಲೂ ಹೇಳುತ್ತಾರೆ. ಆ ಇಂಗ್ಲಿಷ್ ಪದದ ಬಾಲ ನೋಡಿ, ಅದಕ್ಕೆ ಸಾಧ್ಯತೆ ಅಂತ ಕನ್ನಡ ಅಂಟಿಸಿಬಿಟ್ಟರು. ಆ ಪದ ಕೇಳುವ ಪ್ರಶ್ನೆ ಬೇರೆ. ಈ ಭಾಗ ಒಂದು ಸಲ ಆಗುತ್ತದೆಯೇ ಅಂತಲ್ಲ. ನೂರನೆಯದೂ ಮೊದಲನೆಯದರ ಹಾಗೆಯೇ, ಮಷೀನಿಗೂ ಮನುಷ್ಯನಿಗೂ ಜಗ್ಗಾಟ ಇಲ್ಲದೆ ಬರುತ್ತದೆಯೇ ಅಂತ.

ಇದಕ್ಕೆ ಸರಿಯಾದ ಕನ್ನಡ ನನಗೆ ಸಿಕ್ಕಿದ್ದು ನಿಘಂಟಿನಲ್ಲಲ್ಲ. ವರ್ಷಗಳ ಹಿಂದೆ ಒಂದು ಡ್ರಾಯಿಂಗ್ ಹಿಡಿದು ಮಿಲ್ಲಿಂಗ್ (ತಿರುಗುವ ಟೂಲಿನಿಂದ ಲೋಹ ಕೊರೆಯುವ ಕೆಲಸ) ಮಾಡುವ ಹಿರಿಯರೊಬ್ಬರ ಹತ್ತಿರ ಹೋಗಿದ್ದೆ. ಕಾಕಾ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಮಾಡಾಕ ಬರ್ತೈತ್ರಿ ಸರ, ಆದ್ರ ಮಷೀನಿಗಿ ಒಗ್ಗಂಗಿಲ್ರಿ" ಅಂದರು. ಒಗ್ಗುವುದು! ಊರು ಬದಲಾದಾಗ ನೀರು ಒಗ್ಗಲಿಲ್ಲ ಅಂತೀವಲ್ಲ, ಅದೇ ಪದ. ಎರಿ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಶೇಂಗಾ ಬಿತ್ತಬಹುದು, ಬೆಳೆಯೂ ಬರುತ್ತದೆ. ಆದರೆ ಕೀಳುವಾಗ ಮಣ್ಣು ಗಟ್ಟಿಯಾಗಿ ಕಾಯಿ ಒಳಗೇ ಉಳಿಯುತ್ತದೆ, ಮಸಾರಿಯಲ್ಲಿ (ಕೆಂಪು ಮಣ್ಣಿನಲ್ಲಿ) ಹಾಗಾಗುವುದು ಕಡಿಮೆ. ರೈತ ಎರಿ ಹೊಲಕ್ಕೆ ಶೇಂಗಾ ಅಸಾಧ್ಯ ಅನ್ನುವುದಿಲ್ಲ, ಒಗ್ಗಲ್ಲ ಅನ್ನುತ್ತಾನೆ. ಅಂದಿನಿಂದ ನಾನು ಡಿಎಫ್‌ಎಂಗೆ 'ತಯಾರಿಕೆಗೆ ಒಗ್ಗುವ ವಿನ್ಯಾಸ' ಅಂತಲೇ ಬರೆಯುತ್ತೇನೆ. 'ತಯಾರಿಕಾ ಸ್ನೇಹಿ' ಅಂತಲೂ ಕೆಲವರು ಬರೆಯುತ್ತಾರೆ, ತಪ್ಪಲ್ಲ. ಆದರೆ ಪರಿಸರ ಸ್ನೇಹಿ, ಗ್ರಾಹಕ ಸ್ನೇಹಿ ಅಂತ ಕಂಡಕಂಡಲ್ಲೆಲ್ಲ ಅಂಟಿಸಿ ಆ 'ಸ್ನೇಹಿ'ಗೆ ಈಗ ಏನೂ ಅರ್ಥ ಉಳಿದಿಲ್ಲ.

ಇನ್ನು 'ತಯಾರಿಕೆ'. ಈ ಪದದ ಮೇಲೆ ನನಗೆ ಬಹಳ ಪ್ರೀತಿ, ಸ್ವಲ್ಪ ಉದ್ದ ಹೇಳುತ್ತೇನೆ. ಮ್ಯಾನುಫ್ಯಾಕ್ಚರ್‌ನ ಮೂಲ ಲ್ಯಾಟಿನ್: 'ಮಾನುಸ್' ಅಂದರೆ ಕೈ, 'ಫಾಕೆರೆ' ಅಂದರೆ ಮಾಡು. ಕೈಯಿಂದ ಮಾಡಿದ್ದು, ಅಷ್ಟೇ. ನಮ್ಮ 'ತಯಾರು' ಬಂದಿದ್ದು ಅರಬ್ಬಿಯಿಂದ, ಪಾರ್ಸಿಯನ್ನು ಹಾದು. ಅಲ್ಲಿ 'ತಯ್ಯಾರ್' ಅಂದರೆ ಏನು ಗೊತ್ತೇ? ಹಾರುವಂಥದ್ದು. ಬೇಟೆಗೆ ಸಾಕಿದ ಡೇಗೆ ಹಳೆ ಗರಿ ಉದುರಿಸಿ, ಹೊಸ ಗರಿ ಬಂದು, ಪಳಗಿ, ಹಾರಿಬಿಡಲು ಹದವಾದಾಗ ಅದನ್ನು 'ತಯ್ಯಾರ್' ಅನ್ನುತ್ತಿದ್ದರಂತೆ. ಹಾಗೆ ಹಾರಾಟದ ಪದ ಸಿದ್ಧತೆಯ ಪದವಾಯಿತು ಅಂತ ಹಳೆಯ ಹಿಂದೂಸ್ತಾನಿ ನಿಘಂಟುಗಳು ವಿವರಿಸುತ್ತವೆ. ಅದೇ ಧಾತುವಿನಿಂದ ಬಂದ 'ತಯ್ಯಾರಾ' ಅರಬ್ಬಿಯ ಆಡುಮಾತಿನಲ್ಲಿ ಇವತ್ತು ವಿಮಾನ! ನಮ್ಮ ಭಾಗದಲ್ಲಿ ಇಂಥ ಪದಗಳಿಗೆ ಬರವಿಲ್ಲ, ಆದಿಲಶಾಹಿಗಳ ವಿಜಯಪುರದಲ್ಲಿ ಪಾರ್ಸಿ, ದಖನಿ ಎರಡೂ ನಡೆಯುತ್ತಿದ್ದವು. ಆದರೂ ವಿಮಾನದ ರೆಕ್ಕೆಯ ಭಾಗವೊಂದನ್ನು ಕೈಯಲ್ಲಿ ಹಿಡಿದು "ಜಾಬ್ ತಯಾರ್ ಐತಿ" ಅನ್ನುವಾಗ ಬಾಯಲ್ಲಿರುವುದು ಹಾರಾಟದ ಪದ ಅಂತ ನೆನೆದರೆ ನನಗೆ ಈಗಲೂ ರೋಮಾಂಚನ.

ಕನ್ನಡ ಆ ಪದಕ್ಕೆ ಇನ್ನೊಂದು ಕೆಲಸ ಮಾಡಿದೆ. 'ತಯಾರಿ' ಅಂದರೆ ಕೆಲಸಕ್ಕೆ ಮೊದಲಿನ ಸಿದ್ಧತೆ. 'ತಯಾರಿಕೆ' ಅಂದರೆ ಮಾಡುವ ಕೆಲಸ. 'ತಯಾರು' ಅಂದರೆ ಮುಗಿದದ್ದು. ಡಿಎಫ್‌ಎಂ ಇರಬೇಕಾದದ್ದು ಮೊದಲನೆಯದರಲ್ಲಿ, ಅಂದರೆ ತಯಾರಿಯಲ್ಲಿ. ಡ್ರಾಯಿಂಗ್‌ಗೆ ಸಹಿ ಬಿದ್ದ ಮೇಲೆ ವರ್ಕ್‌ಶಾಪಿನವರು "ಈ ಮೂಲೆ ಸ್ವಲ್ಪ ದೊಡ್ಡದು ಮಾಡಿಕೊಡಿ" ಅಂತ ಪತ್ರ ಬರೆಯುವುದಕ್ಕೂ ಡಿಎಫ್‌ಎಂ ಅನ್ನುತ್ತಾರೆ. ಅದು ಬೇಡಿಕೆ, ಡಿಎಫ್‌ಎಂ ಅಲ್ಲ. ವಿಮಾನದಲ್ಲಿ ಒಂದು ಗೆರೆ ಬದಲಾದರೂ ಬಲದ ಲೆಕ್ಕ ಮತ್ತೆ ಆಗಬೇಕು, ಒಪ್ಪಿಗೆ ಮತ್ತೆ ಬೇಕು, ಮಷೀನಿನ ಪ್ರೋಗ್ರಾಂ, ಭಾಗವನ್ನು ಹಿಡಿದಿಡುವ ಫಿಕ್ಸ್ಚರ್ ಎರಡೂ ಬದಲಾಗಬೇಕು. ಅಷ್ಟೊತ್ತಿಗೆ ಬೇಡ ಅನ್ನುವುದೇ ಎಲ್ಲರಿಗೂ ಸುಲಭ.

ಆ ಕಾಕಾ ಒಗ್ಗಲ್ಲ ಅಂದಿದ್ದು ಒಂದು ಮೂಲೆಯನ್ನೇ. ಅಲ್ಯೂಮಿನಿಯಂ ಗಟ್ಟಿಯಿಂದ ಕೊರೆಯುವ ಭಾಗ, 60 ಮಿ.ಮೀ. ಆಳದ ಪಾಕೆಟ್ (ಕೊರೆದು ಮಾಡುವ ಗುಳಿ), ಒಳಮೂಲೆಗೆ 3 ಮಿ.ಮೀ. ತ್ರಿಜ್ಯ. ಕೊರೆಯುವ ಟೂಲ್, ಅಂದರೆ ಎಂಡ್ ಮಿಲ್, ದುಂಡಗಿರುತ್ತದೆ, ಹಾಗಾಗಿ ಆ ಮೂಲೆಗೆ 6 ಮಿ.ಮೀ.ಗಿಂತ ದಪ್ಪ ಟೂಲ್ ಹೋಗುವುದಿಲ್ಲ. 6 ಮಿ.ಮೀ. ಟೂಲ್ 60 ಮಿ.ಮೀ. ಹೊರಗೆ ಚಾಚಿದರೆ ತನ್ನ ದಪ್ಪದ ಹತ್ತರಷ್ಟು ಉದ್ದ. ಅದು ಬಾಗುತ್ತದೆ, ನಡುಗುತ್ತದೆ, ಗೋಡೆಯ ಮೇಲೆ ಗೀರು ಬಿಡುತ್ತದೆ. ಮೂಲೆಯನ್ನು 8 ಮಿ.ಮೀ.ಗೆ ಏರಿಸಿದರೆ 16ರ ಟೂಲ್ ಹಿಡಿಯುತ್ತದೆ (ರೂಢಿಯಲ್ಲಿ ಅದಕ್ಕಿಂತ ತುಸು ಸಣ್ಣದನ್ನೇ ಹಾಕುತ್ತಾರೆ, ಮೂಲೆಯಲ್ಲಿ ಸರಾಗ ತಿರುಗಲಿ ಅಂತ). ಬಾಗುವುದು ದಪ್ಪದ ನಾಲ್ಕನೆಯ ಘಾತಕ್ಕೆ ವಿಲೋಮ. ಅಂದರೆ ಅಷ್ಟೇ ಉದ್ದಕ್ಕೆ, ಅಷ್ಟೇ ಒತ್ತಡಕ್ಕೆ 6ರ ಟೂಲ್ 16ರದ್ದಕ್ಕಿಂತ ಸುಮಾರು 50 ಪಟ್ಟು ಜಾಸ್ತಿ ಬಾಗುತ್ತದೆ. 50 ಪಟ್ಟು!

ಆದರೆ ವಿನ್ಯಾಸ ಮಾಡಿದವರು ಸುಮ್ನೆ 3 ಬರೆದಿರಲಿಲ್ಲ. ವಿಮಾನದಲ್ಲಿ ಪ್ರತಿ ಗ್ರಾಂಗೂ ಲೆಕ್ಕ ಇರುತ್ತದೆ. 3ರ ಬದಲು 8 ಕೊಟ್ಟರೆ ಮೂಲೆಗೆ ಸುಮಾರು 2 ಗ್ರಾಂ ಅಲ್ಯೂಮಿನಿಯಂ ಹೆಚ್ಚು ಉಳಿಯುತ್ತದೆ, ನಾಲ್ಕು ಮೂಲೆಗೆ 8 ಗ್ರಾಂ. ಇಂಥ ಪಾಕೆಟ್ ಹನ್ನೆರಡಿದ್ದರೆ 100 ಗ್ರಾಂ ಹತ್ತಿರ ಬಂತು. ಹಾಗಂತ ಮೂಲೆಯನ್ನೇ ಹಿಡಿದು ಕೂರಬೇಕಿಲ್ಲ. ಪಾಕೆಟ್‌ನ ತಳ 150ಕ್ಕೆ 100 ಮಿ.ಮೀ. ಇದ್ದರೆ, ಅದನ್ನು 2 ಮಿ.ಮೀ.ನಿಂದ 1.8ಕ್ಕೆ ಇಳಿಸಿದರೆ ಅದೇ 8 ಗ್ರಾಂ ವಾಪಸ್ ಬರುತ್ತದೆ. ಬಲದ ಲೆಕ್ಕ ಒಪ್ಪಬೇಕು, ಅಷ್ಟು ತೆಳು ತಳ ಕಟಿಂಗ್ ಮಾಡುವಾಗ ನಡುಗದಂತೆ ಆಸರೆಯೂ ಬೇಕು. ಈ ಕೊಡುಕೊಳ್ಳುವಿಕೆ ಡ್ರಾಯಿಂಗ್ ಇನ್ನೂ ಹಸಿಯಾಗಿರುವಾಗಲೇ ನಡೆಯಬೇಕು. ನನ್ನ ಪ್ರಕಾರ ಡಿಎಫ್‌ಎಂ ಅಂದರೆ ಈ ಮಾತುಕತೆಯೇ.

ಬೆಳಗಾವಿಯ ಫೌಂಡ್ರಿಯವರಿಗೆ ಇದು ಎಂದೂ ಹೊಸದಲ್ಲ. ಎರಕದ ಪ್ಯಾಟರ್ನಿಗೆ, ಅಂದರೆ ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿಗೆ, ಒಂದೆರಡು ಡಿಗ್ರಿ ಇಳಿಜಾರು ಕೊಡದಿದ್ದರೆ ಅದು ಮರಳಿನಿಂದ ಮೇಲೇಳುವಾಗ ಅಚ್ಚನ್ನೇ ಕಿತ್ತುಕೊಂಡು ಬರುತ್ತದೆ. ಆ ಇಳಿಜಾರು ಪಂಪಿಗೆ ಬೇಕಿಲ್ಲ, ವಾಲ್ವಿಗೆ ಬೇಕಿಲ್ಲ. ಅಚ್ಚಿಗೆ ಬೇಕು. ಬೆಳಗಾವಿ ಜಿಲ್ಲೆಯ ಹತ್ತರಗಿಯ ವೈಮಾನಿಕ ವಿಶೇಷ ಆರ್ಥಿಕ ವಲಯ ಬಂದ ಮೇಲೆ ಡಿಎಫ್‌ಎಂ ಏನೋ ಹೊರಗಿನಿಂದ ಬಂದ ಹೊಸ ಶಾಸ್ತ್ರ ಅನ್ನುವಂತೆ ಕೆಲವರು ಮಾತಾಡುತ್ತಾರೆ. ಹೆಸರು ಹೊಸದು, ಅಷ್ಟೇ.

ಎರಡನೆಯ ತಪ್ಪು 'ಖರ್ಚು ಉಳಿತಾಯ'. ಖರ್ಚು ಉಳಿಯಬಹುದು, ಬಹಳ ಸಲ ಉಳಿಯುತ್ತದೆ ಕೂಡ. ಆದರೆ ಅದನ್ನೇ ಗುರಿ ಅಂದುಕೊಂಡವರು ಮೊದಲು ಮಾಡುವ ಕೆಲಸ ಎಲ್ಲ ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವ ಮಿತಿ) ಸಡಿಲ ಮಾಡುವುದು. ಇನ್ನೊಂದು ಭಾಗದ ಜೊತೆ ಕೂಡುವ ರಂಧ್ರಕ್ಕೆ ಬಿಗಿ ಬೇಕೇ ಬೇಕು. ಯಾವುದಕ್ಕೂ ತಾಗದ ಅಂಚಿಗೆ 0.05 ಮಿ.ಮೀ. ಬಿಗಿ ಯಾಕೆ? ಹಳೆ ಡ್ರಾಯಿಂಗ್‌ನಿಂದ ಹಾಗೇ ಇಳಿದು ಬಂದಿರುತ್ತದೆ, ಯಾರೂ ಕೇಳಿರುವುದಿಲ್ಲ. ಬಿಗಿ ಎಲ್ಲಿ, ಸಡಿಲ ಎಲ್ಲಿ ಅಂತ ಒಂದೊಂದಾಗಿ ಕೇಳುವುದು ಕೆಲಸ. ಹಾಗೇ ಅಳತೆಯ ಪ್ರೋಬ್ ತಲುಪದ ರಂಧ್ರ, ರಿವೆಟ್ ಹೊಡೆಯುವಾಗ ಹಿಂದೆ ಆಸರೆ ಹಿಡಿಯಲು ಕೈ ಹೋಗದ ಸಂದಿ, ಇವೂ ಒಗ್ಗದ ವಿನ್ಯಾಸಗಳೇ.

ಖರ್ಚೇ ಗುರಿಯಲ್ಲ ಅನ್ನುವುದಕ್ಕೆ ನನಗೆ ಇಷ್ಟದ ಉದಾಹರಣೆ ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಮಸ್ಕಿಟೊ ಯುದ್ಧವಿಮಾನ. ಮೊದಲು ಹಾರಿದ್ದು 1940ರ ನವೆಂಬರ್ 25ರಂದು. ಯುದ್ಧದ ಕಾಲ, ಅಲ್ಯೂಮಿನಿಯಂಗೂ ಲೋಹದ ಕೆಲಸಗಾರರಿಗೂ ಎಳೆದಾಟ. ಮರಗೆಲಸ ಬಲ್ಲವರು, ಪೀಠೋಪಕರಣದ ಕಾರ್ಖಾನೆಗಳು ಮಾತ್ರ ಬೇಕಾದಷ್ಟಿದ್ದವು. ಹಾಗಾಗಿ ವಿಮಾನವನ್ನೇ ಮರದಲ್ಲಿ ಯೋಚಿಸಿದರು. ಬರ್ಚ್ ಪ್ಲೈವುಡ್‌ನ ಎರಡು ಪದರ, ನಡುವೆ ಹಗುರವಾದ ಬಾಲ್ಸಾ. ಒಡಲನ್ನು ಅಚ್ಚಿನ ಮೇಲೆ ಎಡ ಬಲ ಎರಡು ಹೋಳಾಗಿ ಮಾಡಿದರು, ಶೇಂಗಾ ಸಿಪ್ಪೆಯ ಎರಡು ಹೋಳಿನ ಹಾಗೆ. ಹೋಳು ತೆರೆದಿರುವಾಗಲೇ ವೈರು, ಪೈಪು, ನಿಯಂತ್ರಣದ ಭಾಗಗಳನ್ನು ಒಳಗೆ ಕೂರಿಸಿ ಆಮೇಲೆ ಅಂಟಿಸಿದರು. ಇಕ್ಕಟ್ಟಾದ ಕೊಳವೆಯೊಳಗೆ ತೆವಳಿ ಕೆಲಸ ಮಾಡುವ ಕಷ್ಟವೇ ತಪ್ಪಿತು. ಇದ್ದ ಕೈಗಳಿಗೆ ಒಗ್ಗುವಂತೆ ವಿಮಾನ ಹುಟ್ಟಿತು. ಒಟ್ಟು 7,781 ತಯಾರಾದವು.

ಒಂದು ಕಡೆ ಒಗ್ಗಿಸಿದರೆ ಇನ್ನೊಂದು ಕಡೆ ತಕರಾರು ಏಳುವುದೂ ಉಂಟು. ಬೋಯಿಂಗ್ 787ರ ಒಡಲನ್ನು ಕಾರ್ಬನ್ ನಾರಿನಿಂದ ಒಂದೊಂದು ಭಾಗವನ್ನೂ ಇಡೀ ಪೀಪಾಯಿಯ ಹಾಗೆ ಮಾಡುತ್ತಾರೆ. ಒಂದು ಭಾಗಕ್ಕೆ 1,500 ಅಲ್ಯೂಮಿನಿಯಂ ಹಾಳೆ, 40,000ದಿಂದ 50,000 ಫಾಸ್ಟ್‌ನರ್ (ರಿವೆಟ್, ಬೋಲ್ಟಿನಂಥವು) ಬೇಕಾಗಲೇ ಇಲ್ಲ ಅಂತ ಬೋಯಿಂಗ್ ಹೇಳಿತು. ನಿಜಕ್ಕೂ ದೊಡ್ಡ ಕೆಲಸ. ಆದರೆ ಪೀಪಾಯಿಗೆ ಪೀಪಾಯಿ ಕೂಡುವ ಜಾಗದಲ್ಲಿ ಸಂದಿ 0.005 ಇಂಚು ಮೀರಬಾರದು, ಅಂದರೆ ಸುಮಾರು 0.13 ಮಿ.ಮೀ., ಒಂದು ದಪ್ಪ ಕಾಗದದಷ್ಟು. ಕೆಲವು ವಿಮಾನಗಳಲ್ಲಿ ಅದು ಮೀರಿದ್ದು ಸಿಕ್ಕಿ, ಬೇರೆ ಕೆಲವು ದೋಷಗಳೂ ಸೇರಿ, 2020ರ ಕೊನೆಯಿಂದ 2022ರ ಆಗಸ್ಟ್‌ವರೆಗೆ ಹೆಚ್ಚಿನ ಕಾಲ ವಿಮಾನ ಕೊಡುವುದೇ ನಿಂತುಹೋಯಿತು. ಲೋಹದ ತೆಳು ಹಾಳೆಯನ್ನು ತುಸು ಒತ್ತಿ ಕೂರಿಸಬಹುದು, ಗಟ್ಟಿ ಪೀಪಾಯಿ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಬಿಡಿಭಾಗ ಒಗ್ಗಿದರೆ ಸಾಲದು, ಜೋಡಣೆಯೂ ಒಗ್ಗಬೇಕು ಅಂತ ಜೋಡಣೆಯವರು ಡಿಎಫ್‌ಎ (ಡಿಸೈನ್ ಫಾರ್ ಅಸೆಂಬ್ಲಿ) ಅನ್ನುವ ಬೇರೆ ಹೆಸರು ಇಟ್ಟುಕೊಂಡಿರುವುದು ಇದಕ್ಕೇ.

ಇಷ್ಟಾದ ಮೇಲೂ 'ಸಾಧ್ಯತೆ' ಬೇಕೇ ಬೇಕು ಅನ್ನುವವರಿಗೆ ಒಂದು ಜಾಗ ಇದೆ. ಹೊಸ ಕೆಲಸದ ಬೆಲೆ ಹೇಳುವ ಮೊದಲು ನಮ್ಮ ಮಷೀನಿನಲ್ಲಿ ಇದು ಆಗುತ್ತದೆಯೇ, ಹಿಡಿಸುತ್ತದೆಯೇ ಅಂತ ನೋಡುತ್ತಾರಲ್ಲ, ಆ ಪರಿಶೀಲನೆಗೆ ಫೀಸಿಬಿಲಿಟಿ ಅಂತ ಬೇರೆಯೇ ಹೆಸರಿದೆ. 'ಸಾಧ್ಯತೆ'ಯನ್ನು ಅಲ್ಲಿ ಬರೆಯಿರಿ. ತರಬೇತಿ ಮುಗಿದ ಮೇಲೆ ಆ ಸ್ಲೈಡ್ ಮಾಡಿದವರಿಗೂ ಇದನ್ನೇ ಹೇಳಿ, ಪಾಕೆಟ್‌ನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟು ಬಂದಿದ್ದೇನೆ.